ಹಳೇ ಫಿಲ್ಮ್ ತುಣುಕಿನಾಗ ಇರೋ ಸೇನಾಧಿಕಾರಿ ಯಾರು? ಕಾರ್ಯಪ್ಪನವರೋ, ಚೌಧುರಿಯವರೋ?

ಫರಸಿಕಲ್ಲು (ಕಲಬುರಗಿ)
ಎಲ್ಲಾರಿಗೂ ನಮಸ್ಕಾರ್ರಿ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕ ಶಾಲಿ ಮಕ್ಕಳಿಗಂತ ಒಂದು ಪ್ರದರ್ಶನ ತಯಾರಾಗ್ಲಾಕತ್ತದ. ಅದರಾಗ ಒಂದು ಹಳೀ ಫಿಲ್ಮ್ ತುಣುಕು ತೋರಸಬೇಕಂತ ವಿಚಾರ ಅದ. ಉದ್ದ 1 ನಿಮಿಷ 52 ಸೆಕೆಂಡ್, ಕಪ್ಪು-ಬಿಳುಪು, ಧ್ವನಿ ಇಲ್ಲ. ವಾಟ್ಸಾಪ್‌ನಾಗ ತಿರುಗಾಡಿ ಬಂದದ್ದು. ಮ್ಯಾಲ ಹಿಂಗ ಬರದಾರ: "ಬೀದರ ಕೋಟೆಯಲ್ಲಿ ಜನರಲ್ ಕಾರ್ಯಪ್ಪ, 17 ಸೆಪ್ಟೆಂಬರ್ 1948".

ಮೊದಲ 50 ಸೆಕೆಂಡಿನಾಗ ಒಂದು ಜೀಪ್ ಬರ್ತದ. ಕಪ್ಪು ಬೆರೆ ಟೊಪ್ಪಿಗಿ, ಮೀಸಿ, ಕಂಕುಳಾಗ ಬೆತ್ತ ಇರೋ ಅಧಿಕಾರಿ ಇಳೀತಾರ. ಎದುರಿಗಿ ಇನ್ನೊಬ್ಬ ಅಧಿಕಾರಿ ಸಲ್ಯೂಟ್ ಹೊಡೀತಾರ. ಹಿಂದ ಒಂದು ಕಲ್ಲಿನ ಕಮಾನು, ಅದರಾಚೆ ಹೊಲ. ಆಮೇಲಿನ ಭಾಗದಾಗ ಅವರಂಗೇ ಕಾಣೋ, ಆದ್ರ ಸ್ವಲ್ಪ ದಪ್ಪ ಆದ ಅಧಿಕಾರಿ, ಸಾಲಾಗಿ ನಿಂತ ಟ್ಯಾಂಕುಗಳ ಮುಂದ ನಡಕೊಂಡು ಹೋಗ್ತಾರ.

ಫಲಕದ ಮ್ಯಾಲ ಹೆಸರು ಬರೀಬೇಕಾಗ್ಯದ. ಇವರು ಖರೇನೇ ಕಾರ್ಯಪ್ಪನವರೇನ್ರಿ? ನಾಕು ಚೌಕಟ್ಟು (ಫ್ರೇಮ್) ತೆಗೆದು ಹಾಕೀನಿ, ನೋಡಿ ಹೇಳ್ರಿ.

ಕೆಚ್ಚೆದೆ ಕನ್ನಡಿಗ
ಕಾರ್ಯಪ್ಪನವರೇ. ಮೀಸಿ ನೋಡ್ರಿ, ನಡಿಗಿ ನೋಡ್ರಿ. ಆ ಕಾಲದಾಗ ಅಷ್ಟು ದೊಡ್ಡ ಹುದ್ದೇದಾಗ ಇದ್ದ ಭಾರತೀಯ ಅಧಿಕಾರಿ ಅಂದ್ರ ಅವರೇ ಅಲ್ಲೇನ್ರಿ?

ಹೆಗಲಪಟ್ಟಿ
ಅಲ್ಲ. ಆ ಬರಹದಲ್ಲೇ ಎರಡು ತಪ್ಪಿವೆ. 1948ರ ಸೆಪ್ಟೆಂಬರ್‌ನಲ್ಲಿ ಕಾರ್ಯಪ್ಪನವರು ಪೂರ್ಣ ಜನರಲ್ ಆಗಿರಲಿಲ್ಲ, ಲೆಫ್ಟಿನೆಂಟ್ ಜನರಲ್. ಪಶ್ಚಿಮ ಕಮಾಂಡ್ ಅವರ ಕೈಯಲ್ಲಿತ್ತು, ಕಾಶ್ಮೀರದ ಯುದ್ಧ ನೋಡಿಕೊಳ್ಳುತ್ತಿದ್ದರು. ಆಗ ಸೇನೆಯ ಮುಖ್ಯಸ್ಥರು ಜನರಲ್ ರಾಯ್ ಬುಚರ್, ಬ್ರಿಟಿಷರು. ಕಾರ್ಯಪ್ಪನವರು ಅವರಿಂದ ಅಧಿಕಾರ ವಹಿಸಿಕೊಂಡದ್ದು 15 ಜನವರಿ 1949ರಂದು. ಆ ದಿನವನ್ನೇ ಇವತ್ತಿಗೂ ಸೇನಾ ದಿನ ಎಂದು ಆಚರಿಸುವುದು.

ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಹೈದರಾಬಾದ್ ಕಾರ್ಯಾಚರಣೆ ದಕ್ಷಿಣ ಕಮಾಂಡಿನದು. ಮೇಲೆ ಇದ್ದವರು ಲೆಫ್ಟಿನೆಂಟ್ ಜನರಲ್ ರಾಜೇಂದ್ರಸಿಂಹಜಿ. ಸೊಲ್ಲಾಪುರದ ಕಡೆಯಿಂದ ಬಂದ ಮುಖ್ಯ ಪಡೆಯ ನಾಯಕರು 1ನೇ ಆರ್ಮರ್ಡ್ ಡಿವಿಷನ್ನಿನ ಮೇಜರ್ ಜನರಲ್ ಜೆ.ಎನ್. ಚೌಧುರಿ. ಎದುರು ಪಕ್ಷದಲ್ಲಿ ನಿಜಾಮರ ಸೇನೆಯ ಮುಖ್ಯಸ್ಥ ಮೇಜರ್ ಜನರಲ್ ಸೈಯದ್ ಅಹಮದ್ ಎಲ್ ಎದ್ರೂಸ್. ಮೊದಲು ಈ ಮೂವರನ್ನು ಮುಂದಿಟ್ಟುಕೊಂಡು ನೋಡಬೇಕು. ಕಾರ್ಯಪ್ಪನವರ ಮೇಲಿನ ಅಭಿಮಾನಕ್ಕೆ ಇದರಿಂದ ಏನೂ ಕಮ್ಮಿಯಾಗುವುದಿಲ್ಲ.

ಕೆಚ್ಚೆದೆ ಕನ್ನಡಿಗ
ಹಂಗಾದ್ರ ತಿಮ್ಮಯ್ಯನವರು ಇರಬಹುದಲ್ರಿ. ಅವರು ಹೈದರಾಬಾದ್ ರೆಜಿಮೆಂಟಿನವರೇ ಇದ್ರು. ಅದಕ್ಕೇ ಅವರನ್ನ ಈ ಕಡೆ ಕಳಿಸಿರಬೇಕು.

ಹೆಗಲಪಟ್ಟಿ
ಈ ಗೊಂದಲ ಬಹಳ ಜನರಿಗಿದೆ, ಬಿಡಿಸಿ ಹೇಳುತ್ತೇನೆ. 19ನೇ ಹೈದರಾಬಾದ್ ರೆಜಿಮೆಂಟ್ ನಿಜಾಮರ ಸೇನೆಯಲ್ಲ. ಅದು ಬ್ರಿಟಿಷ್ ಇಂಡಿಯನ್ ಸೇನೆಯ ರೆಜಿಮೆಂಟ್. 1945ರಲ್ಲಿ ಅದರ ಹೆಸರು ಕುಮಾಂವ್ ರೆಜಿಮೆಂಟ್ ಎಂದು ಬದಲಾಯಿತು. ತಿಮ್ಮಯ್ಯನವರು ಆ ರೆಜಿಮೆಂಟಿನವರು ಎಂಬುದು ನಿಜ. ಆದರೆ 1948ರಲ್ಲಿ ಅವರು ಕಾಶ್ಮೀರದಲ್ಲಿ 19ನೇ ಡಿವಿಷನ್ನಿನ ನಾಯಕರು. ಜೋಜಿಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕು ಹತ್ತಿಸಿದ್ದು ಅದೇ ನವೆಂಬರ್ 1ರಂದು.

ಬೋನಾಳ ಕೆರೆ (ಯಾದಗಿರಿ)
ಮುಖ ನೋಡಿ ಹೇಳೋದು ಬ್ಯಾಡ್ರಿ. ಆ ಕಾಲದ ಅರ್ಧ ಅಧಿಕಾರಿಗಳಿಗಿ ಅದೇ ಮೀಸಿ, ಅದೇ ಬೆತ್ತ. ಹೆಗಲ ಮ್ಯಾಲೇನದ ಅನ್ನೋದು ಹೇಳ್ರಿ ಮೊದಲ.

ಹೆಗಲಪಟ್ಟಿ
ಹೌದು, ಹೆಗಲೇ ಮೊದಲು. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಕತ್ತಿ ಮತ್ತು ದಂಡ ಅಡ್ಡಡ್ಡ ಇಟ್ಟ ಗುರುತು, ಅಂದರೆ ಗುಣಾಕಾರದ ಚಿಹ್ನೆಯಂತೆ ಕಾಣುವಂಥದ್ದು ಇದ್ದರೆ ಮೇಜರ್ ಜನರಲ್ ಮತ್ತು ಅದಕ್ಕಿಂತ ಮೇಲಿನವರು. ಅದರ ಮೇಲೆ ಒಂದೇ ನಕ್ಷತ್ರವಿದ್ದರೆ ಮೇಜರ್ ಜನರಲ್. ನಕ್ಷತ್ರವಿಲ್ಲದೆ ಕಿರೀಟವಿದ್ದರೆ ಲೆಫ್ಟಿನೆಂಟ್ ಜನರಲ್. ನಕ್ಷತ್ರ, ಕಿರೀಟ ಎರಡೂ ಇದ್ದರೆ ಪೂರ್ಣ ಜನರಲ್. ಅಡ್ಡಗುರುತೇ ಇಲ್ಲದೆ ತ್ರಿಕೋನದಂತೆ ಮೂರು ನಕ್ಷತ್ರ, ಮೇಲೊಂದು ಕಿರೀಟ ಇದ್ದರೆ ಬ್ರಿಗೇಡಿಯರ್. ಕಿರೀಟ ಮತ್ತು ಒಂದು ನಕ್ಷತ್ರ ಲೆಫ್ಟಿನೆಂಟ್ ಕರ್ನಲ್.

ಇದರಲ್ಲೇ ಕಾಲವೂ ಅಡಗಿದೆ. 26 ಜನವರಿ 1950ರ ತನಕ ನಾವು ಡೊಮಿನಿಯನ್, ಅಂದರೆ ಬ್ರಿಟಿಷ್ ರಾಜರೇ ದೇಶದ ಮುಖ್ಯಸ್ಥರು, ಆದ್ದರಿಂದ ಬ್ರಿಟಿಷ್ ಕಿರೀಟವೇ ನಡೆಯುತ್ತಿತ್ತು. ಆಮೇಲೆ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು. ನಕ್ಷತ್ರವೂ ಬದಲಾಯಿತು: ಹಳೆಯದು ಮೂಲೆಯ ಮೇಲೆ ನಿಲ್ಲಿಸಿದ ಚೌಕದಂತೆ ಕಾಣುತ್ತದೆ, ಹೊಸದು ಐದು ಮೂಲೆಯ ನಕ್ಷತ್ರ. ಚಿತ್ರ ಮಸುಕಾಗಿದ್ದರೂ ಚೌಕವೋ ಐದು ಮೂಲೆಯೋ ಎಂಬುದು ಎಷ್ಟೋ ಸಲ ತಿಳಿಯುತ್ತದೆ.

ಕಾಲರಿನ ಕೆಂಪು ಪಟ್ಟಿ ಕರ್ನಲ್ ಮತ್ತು ಮೇಲಿನವರದು. ಅದೊಂದರಿಂದ ಹೆಸರು ಸಿಗುವುದಿಲ್ಲ.

ಫರಸಿಕಲ್ಲು
ಸರ, ನಾ ಹಾಕಿದ ಚೌಕಟ್ಟಿನಾಗ ಹೆಗಲು ಬರೇ ಬಿಳೀ ಚುಕ್ಕಿ ಕಾಣ್ತದ್ರಿ. ದೊಡ್ಡದು ಮಾಡಿದ್ರ ಚೌಕ ಚೌಕ ಆಗಿ ಒಡೀತದ.

ರೀಲು ಡಬ್ಬಿ
ಅದು ವಾಟ್ಸಾಪ್ ಹಿಂಡಿದ್ದರ, ಅಂದರೆ ಕಡತದ ಗಾತ್ರ ಕುಗ್ಗಿಸಿದ್ದರ ಫಲ. ಒಂದು ಚೌಕಟ್ಟನ್ನೇ ಹಿಗ್ಗಿಸಿದರೆ ಏನೂ ಸಿಗುವುದಿಲ್ಲ. ಹೀಗೆ ಮಾಡಿ.

ತುಣುಕನ್ನು ಯಾರಿಂದಲಾದರೂ "ಡಾಕ್ಯುಮೆಂಟ್" ಆಗಿ ಕಳಿಸಿಕೊಳ್ಳಿ, ವಿಡಿಯೊ ಆಗಿ ಅಲ್ಲ. ಆಗ ಮತ್ತೊಮ್ಮೆ ಹಿಂಡುವುದು ತಪ್ಪುತ್ತದೆ. ವಿಡಿಯೊ ನೋಡುವ ತಂತ್ರಾಂಶ ವಿಎಲ್‌ಸಿಯಲ್ಲಿ ತೆರೆದು "ಇ" ಕೀಲಿ ಒತ್ತುತ್ತಾ ಹೋದರೆ ಒಂದೊಂದೇ ಚೌಕಟ್ಟು ಮುಂದಕ್ಕೆ ಹೋಗುತ್ತದೆ. ಅಧಿಕಾರಿ ಅಲುಗಾಡದೆ ನಿಂತ ಕ್ಷಣ ಹುಡುಕಿ. ಸಲ್ಯೂಟ್ ಮಾಡಿ ಕೈ ಇಳಿಸುವ ಮುಂಚೆ ಅಂಥ ಅರ್ಧ ಸೆಕೆಂಡ್ ಇದ್ದೇ ಇರುತ್ತದೆ. ಅಲ್ಲಿಂದ ಒಂಬತ್ತು ಚೌಕಟ್ಟು ತೆಗೆದು, ಜಿಂಪ್‌ನಂಥ ತಂತ್ರಾಂಶದಲ್ಲಿ ಒಂದರ ಮೇಲೊಂದು ಪದರವಾಗಿ ಇಟ್ಟು, ಹೆಗಲಿನ ಅಂಚು ಕೂಡುವಂತೆ ಸರಿಸಿ. ಕೆಳಗಿನ ಪದರ 100 ಪ್ರತಿಶತ, ಎರಡನೆಯದು 50, ಮೂರನೆಯದು 33, ನಾಲ್ಕನೆಯದು 25, ಹೀಗೆ ಅಪಾರದರ್ಶಕತೆ (ಒಪಾಸಿಟಿ) ಇಳಿಸುತ್ತಾ ಹೋಗಿ. ಒಟ್ಟು ಸರಾಸರಿ ಸಿಗುತ್ತದೆ. ಒಂಬತ್ತು ಸೇರಿಸಿದರೆ ಫಿಲ್ಮಿನ ಕಾಳುಕಾಳು ಸುಮಾರು ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ, ಗುರುತು ಮಾತ್ರ ಉಳಿಯುತ್ತದೆ.

ಎಲ್ಲರೂ ತಪ್ಪುವುದು ಎರಡು ಕಡೆ. ತಲೆ ಅಲುಗುವ ಚೌಕಟ್ಟು ಸೇರಿಸಿದರೆ ಮುಖ ಕಲಸಿಹೋಗುತ್ತದೆ, ಹಾಗಾಗಿ ಹೆಗಲಿಗೆ ಬೇರೆ, ಮುಖಕ್ಕೆ ಬೇರೆ ಸರಾಸರಿ ಮಾಡಿ. ಚಿತ್ರದಲ್ಲಿ ಬಾಚಣಿಗೆ ಹಲ್ಲಿನಂಥ ಅಡ್ಡಗೆರೆ ಕಂಡರೆ ಅದು ಹಳೆಯ ಟಿವಿ ಟೇಪಿನಿಂದ ಬಂದ ಪ್ರತಿ. ಮೊದಲು ಡೀಇಂಟರ್‌ಲೇಸ್ ಮಾಡಿ (ಆ ಗೆರೆ ತೆಗೆಯುವ ಕ್ರಮ), ಆಮೇಲೆ ಉಳಿದದ್ದು.

ಕಾರಂಜಾ
ಇಷ್ಟೆಲ್ಲಾ ಯಾಕ್ರಿ? ಎಐ ಆ್ಯಪಿಗಿ ಕೊಟ್ರ ಒಂದ ನಿಮಿಷಕ್ಕ ಬಣ್ಣ ಹಚ್ಚಿ ಸ್ವಚ್ಛ ಮಾಡಿ ಕೊಡ್ತದ. ನೋಡ್ರಿ ಇಲ್ಲಿ, ಹೆಗಲ ಮ್ಯಾಲ ಮೂರು ನಕ್ಷತ್ರ ಎಷ್ಟು ಚಂದ ಕಾಣ್ಲಾಕತ್ತಾವ.

ಹೆಗಲಪಟ್ಟಿ
ಅಣ್ಣಾರ, ಆ ಮೂರು ನಕ್ಷತ್ರ ಫಿಲ್ಮಿನಲ್ಲಿ ಇಲ್ಲವೇ ಇಲ್ಲ. ಸಾಲಾಗಿ ಮೂರು ನಕ್ಷತ್ರ ಇದ್ದರೆ ಅವರು ಕ್ಯಾಪ್ಟನ್. ಕ್ಯಾಪ್ಟನ್ ಕಾಲರಿಗೆ ಪಟ್ಟಿ ಇರುವುದಿಲ್ಲ. ಆ್ಯಪು ಹೆಗಲಿಗೆ ಕ್ಯಾಪ್ಟನ್ ನಕ್ಷತ್ರ, ಕಾಲರಿಗೆ ನೀಲಿ ಪಟ್ಟಿ ಎರಡನ್ನೂ ತಾನೇ ಬಿಡಿಸಿದೆ.

ರೀಲು ಡಬ್ಬಿ
ಗುರುತಿಸುವ ಕೆಲಸಕ್ಕೆ ಎಐ ಹಿಗ್ಗಿಸುವಿಕೆ, ಬಣ್ಣ ಎರಡೂ ಬೇಡವೇ ಬೇಡ. ಅದು ಕಂಡದ್ದನ್ನು ತೋರಿಸುವುದಿಲ್ಲ, ಇರಬಹುದಾದ್ದನ್ನು ಬರೆಯುತ್ತದೆ. ಮುಖವನ್ನೂ ಹಾಗೇ ತಿದ್ದುತ್ತದೆ: ಕಿವಿ ಬದಲಾಗುತ್ತದೆ, ಮೀಸೆ ದಟ್ಟವಾಗುತ್ತದೆ. ಆಮೇಲೆ ಆ ಮುಖವನ್ನೇ ಇನ್ನೊಂದು ಆ್ಯಪಿಗೆ ಕೊಟ್ಟು ಹೆಸರು ಕೇಳಿದರೆ ತಪ್ಪಿನ ಮೇಲೆ ತಪ್ಪು.

ಕಪ್ಪು-ಬಿಳುಪಿನಲ್ಲಿ ಬಣ್ಣ ಊಹಿಸುವಾಗಲೂ ಎಚ್ಚರ. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ಕೆಂಪು ಪಟ್ಟಿ ಕಪ್ಪಾಗಿ ಬರುತ್ತದೆ, ನೀಲಿ ಬೆಳ್ಳಗಾಗುತ್ತದೆ. ಎಲ್ಲ ಬಣ್ಣವನ್ನೂ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್‌ನಲ್ಲಿ ಕೆಂಪು ನಡುಬೂದು. ಒಂದೇ ಚೌಕಟ್ಟಿನಲ್ಲಿ ರಾಷ್ಟ್ರಧ್ವಜ ಇದ್ದರೆ ಕೇಸರಿ ಎಷ್ಟು ಕಪ್ಪಾಗಿದೆ ಎಂದು ನೋಡಿ ಫಿಲ್ಮಿನ ಬಗೆ ಅಂದಾಜು ಮಾಡಬಹುದು.

ಫರಸಿಕಲ್ಲು
ಹೇಳಿದಂಗ ಮಾಡೀನ್ರಿ. ಮೊದಲ ಭಾಗದ 31ನೇ ಸೆಕೆಂಡಿನ ಒಂಬತ್ತು ಚೌಕಟ್ಟು. ಹೆಗಲ ಮ್ಯಾಲ ಅಡ್ಡಗುರುತು ಅದ, ಅದರ ಮ್ಯಾಲ ಒಂದೇ ಚೌಕದಂಥ ಚುಕ್ಕಿ. ಕಿರೀಟ ಕಾಣವಲ್ದು. ಎದುರಿಗಿ ಸಲ್ಯೂಟ್ ಮಾಡೋರ ಹೆಗಲಿಗಿ ಮಾತ್ರ ಕಿರೀಟ ಮತ್ತ ಒಂದು ಚುಕ್ಕಿ. ಚಿತ್ರ ಹಾಕೀನಿ.

ಹೆಗಲಪಟ್ಟಿ
ಬರೋಬ್ಬರಿ! ಹಾಗಾದರೆ ಬೆರೆ ಹಾಕಿದವರು ಮೇಜರ್ ಜನರಲ್, ನಕ್ಷತ್ರ ಹಳೆಯ ಬಗೆಯದು, ಅಂದರೆ 1950ಕ್ಕಿಂತ ಹಿಂದಿನದು. ಲೆಫ್ಟಿನೆಂಟ್ ಜನರಲ್ ಆಗಿದ್ದ ರಾಜೇಂದ್ರಸಿಂಹಜಿ ಮತ್ತು ಕಾರ್ಯಪ್ಪ ಇಬ್ಬರೂ ಇಲ್ಲಿಗೆ ಹೊರಗಾದರು. ಕಪ್ಪು ಬೆರೆ ಟ್ಯಾಂಕು ದಳದವರದು. ಚೌಧುರಿಯವರು 7ನೇ ಮತ್ತು 16ನೇ ಲೈಟ್ ಕ್ಯಾವಲ್ರಿಯವರು, ಆಮೇಲೆ ಆರ್ಮರ್ಡ್ ಡಿವಿಷನ್. ಎಲ್ಲ ಹೊಂದುತ್ತದೆ. ಮೀಸೆಯಿಂದಲೇ ಅವರಿಗೆ ಸೇನೆಯಲ್ಲಿ ಮುಚ್ಚು ಎಂಬ ಅಡ್ಡಹೆಸರಿತ್ತು.

ಎದೆಯ ರಿಬ್ಬನ್ ಕೂಡ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಚೌಧುರಿಯವರಿಗೂ ಒಬಿಇ (ಬ್ರಿಟಿಷ್ ಗೌರವ ಪದವಿ), ಕಾರ್ಯಪ್ಪನವರಿಗೂ ಒಬಿಇ. ಇಬ್ಬರ ರಿಬ್ಬನ್ನೂ ಗುಲಾಬಿ, ಎರಡು ಅಂಚಿಗೆ ಮತ್ತು ನಡುವೆ ಬೂದು ಗೆರೆ. ರಾಜೇಂದ್ರಸಿಂಹಜಿ ಮತ್ತು ತಿಮ್ಮಯ್ಯನವರದು ಯುದ್ಧಸೇವೆಯ ಬ್ರಿಟಿಷ್ ಪದಕ ಡಿಎಸ್‌ಒ: ಕೆಂಪು, ಅಂಚಿಗೆ ಸಣ್ಣ ನೀಲಿ. ನಡುವೆ ತಿಳಿ ಗೆರೆ ಇದೆಯೋ ಇಲ್ಲವೋ ಎಂಬುದರಿಂದ ಈ ಎರಡು ಜೋಡಿ ಬೇರೆಯಾಗುತ್ತವೆ. ಜೋಡಿಯೊಳಗೆ ಬೇರೆಯಾಗುವುದಿಲ್ಲ.

ವಾಡಿ ಜಂಕ್ಷನ್
ಹಂಗಂದ್ರ ಎದುರಿಗಿ ಸಲ್ಯೂಟ್ ಹೊಡಿಯೋರು ಎಲ್ ಎದ್ರೂಸ್! ಇದು ಶರಣಾಗತಿ ದೃಶ್ಯನೇ ಆತಲ್ರಿ.

ಹೆಗಲಪಟ್ಟಿ
ಆಗಲಿಲ್ಲ. ಎಲ್ ಎದ್ರೂಸ್ ಅವರೂ ಮೇಜರ್ ಜನರಲ್. ಇಲ್ಲಿ ಸಲ್ಯೂಟ್ ಮಾಡುವವರ ಹೆಗಲಲ್ಲಿ ಕಿರೀಟ, ಒಂದು ನಕ್ಷತ್ರ, ಅಂದರೆ ಲೆಫ್ಟಿನೆಂಟ್ ಕರ್ನಲ್. ಫಲಕದಲ್ಲಿ ಎದ್ರೂಸ್ ಹೆಸರು ಹಾಕಬೇಡಿ.

ಚೌಬಾರಾ (ಬೀದರ)
ಶರಣಾಗತಿ ಆದದ್ದೂ ಬೀದರದಾಗ ಅಲ್ರಿ, 17ಕ್ಕೂ ಅಲ್ಲ. ನಿಜಾಮರು ಕದನ ನಿಲ್ಲಿಸೋದು ಸಾರಿದ್ದು 17ರ ಸಂಜೀಗಿ. ಎದ್ರೂಸ್ ಅವರು ಚೌಧುರಿಯವರ ಮುಂದ ಶರಣಾದದ್ದು 18ರ ಮಧ್ಯಾಹ್ನ, ಸಿಕಂದರಾಬಾದ್ ಬಾಜೂಕ. ಬೀದರಕ್ಕ ಸೇನಾ ಬಂದದ್ದು 17ರ ನಸುಕಿನಾಗ.

ಇನ್ನ ಆ ಕಮಾನು. ಬೀದರ ಕೋಟಿ ಅಂತ ಹೇಳ್ಲಿಕ್ಕ ಆಧಾರ ಸಾಲದು. ಶರ್ಜಾ ದರವಾಜಾ ಆಗಿದ್ರ ಮ್ಯಾಲ ಎರಡು ಹುಲಿ ಕೆತ್ತನಿ ಕಾಣಬೇಕು. ಗುಂಬದ್ ದರವಾಜಾ ಆಗಿದ್ರ ಮ್ಯಾಲ ಗುಮ್ಮಟ ಇರಬೇಕು. ಚೌಕಟ್ಟಿನಾಗ ಕಮಾನಿನ ನೆತ್ತಿ ಖುಲ್ಲಾ ಕಾಣ್ತದ, ಎರಡೂ ಇಲ್ಲ. ನಮ್ಮೂರು ನಿಂತದ್ದು ಜಂಬಿಟ್ಟಿಗಿ ಕಲ್ಲಿನ ಗುಡ್ಡದ ಮ್ಯಾಲ. ಆ ಕಲ್ಲಿಗಿ ತೂತು ತೂತು ಮೈ, ಕಪ್ಪು-ಬಿಳುಪಿನಾಗೂ ಸಿಡುಬಿನ ಕಲಿಯಂಗ ಕಾಣ್ತದ. ಇಲ್ಲಿ ಕಲ್ಲು ನುಣ್ಣಗ, ದೊಡ್ಡ ದೊಡ್ಡ ಕರೀ ಕಲ್ಲು. ಕಲಬುರಗಿ ಕೋಟಿ ಇರಬಹುದು, ನಳದುರ್ಗ ಇರಬಹುದು, ಮತ್ತೊಂದು ಊರಿನ ಅಗಸಿ ಬಾಗಲಾನೂ ಇರಬಹುದು.

ಮೈಲಿಗಲ್ಲು
ನಳದುರ್ಗ ಅಂದಾಗ ನೆನಪಾಯಿತು. 13ರಂದೇ ನಳದುರ್ಗದ ಬೋರಿ ನದಿಯ ಸೇತುವೆಯನ್ನು ಸ್ಫೋಟಿಸುವ ಮುಂಚೆ ಹಿಡಿದದ್ದರಿಂದ ಟ್ಯಾಂಕುಗಳಿಗೆ ದಾರಿ ಉಳಿಯಿತು. ಸೊಲ್ಲಾಪುರದಿಂದ ಸಿಕಂದರಾಬಾದ್‌ಗೆ 186 ಮೈಲಿ. ನಳದುರ್ಗ, ಉಮರ್ಗಾ ದಾಟಿದರೆ ನಮ್ಮ ಬೀದರ ಜಿಲ್ಲೆಯ ರಾಜೇಶ್ವರ, ಹುಮನಾಬಾದ್, ಆಮೇಲೆ ಜಹೀರಾಬಾದ್. ರಾಜೇಶ್ವರದ ದಾರಿಯಲ್ಲಿ ಹೊಂಚು ಹಾಕಿದ್ದವರ ಮೇಲೆ 14ರಂದು ಟೆಂಪೆಸ್ಟ್ ವಿಮಾನಗಳು ದಾಳಿ ಮಾಡಿದ ಮೇಲೆ ಪಡೆ ಅಲ್ಲಿಗೆ ತಲುಪಿತು.

ಗುರುತಿಸುವವರಿಗೆ ಒಂದು ಮಾತು: ಆ ರಸ್ತೆಯ ದೃಶ್ಯದಲ್ಲಿ ದೂರದ ಕಲ್ಲು ಕಂಡರೆ ಸಂಖ್ಯೆ ಓದಿ. ಮೈಲಿ ಲೆಕ್ಕವಾದರೆ ಸೊಲ್ಲಾಪುರದ ದೂರ, ಸಿಕಂದರಾಬಾದಿನ ದೂರ ಎರಡನ್ನೂ ಕೂಡಿದಾಗ 186ರ ಆಸುಪಾಸು ಬರಬೇಕು. ಕಿಲೋಮೀಟರ್ ಲೆಕ್ಕವಾದರೆ ಅದು 1948 ಆಗಲು ಸಾಧ್ಯವೇ ಇಲ್ಲ. ಮೆಟ್ರಿಕ್ ಕಲ್ಲು ಬಹಳ ತಡವಾಗಿ ಬಂದದ್ದು.

ತೊಗರಿ ಹೊಲ
ಕಮಾನಿನ ಆಚಿಗಿ ಹೊಲ ಕಾಣ್ತದಲ್ರಿ, ಅದನ್ನ ಯಾರೂ ನೋಡೇ ಇಲ್ಲ. ಅದರಾಗ ಎತ್ತರಕ್ಕ ಬೆಳದ ಜೋಳ, ತೆನಿ ಹಿಡದದ. ನಡುವ ಹಕ್ಕಿ ಕಾಯೋ ಅಟ್ಟ. ನಮ್ಮ ಎರಿ ಭೂಮ್ಯಾಗ ಹಿಂಗಾರಿ ಜೋಳ ಬಿತ್ತೋದೇ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ತನಕ. ತೆನಿ ಬರೋದು ಡಿಸೆಂಬರ್, ಜನವರಿಗಿ. ಸೆಪ್ಟೆಂಬರ್ 17ಕ್ಕ ಆ ಹೊಲ ಖಾಲಿ ಇರಬೇಕು, ಇಲ್ಲ ಮೊಳಕಿ ಇರಬೇಕು. ಈ ತುಣುಕು ಚಳಿಗಾಲದ್ದು.

ಬೋನಾಳ ಕೆರೆ
ಮುಂಗಾರಿ ಜೋಳ ಮರತ್ರೇನ್ರಿ? ಜೂನಿಗಿ ಬಿತ್ತಿದ್ದು ಸೆಪ್ಟೆಂಬರ್ ಕೊನೀಗಿ ತೆನಿ ಹಿಡೀತದ. ಮಸಾರಿ ಭೂಮ್ಯಾಗ ಅದೇ ಹಾಕ್ತಾರ. ಜೋಳ ಒಂದನ್ನ ನೋಡಿ ತಿಂಗಳು ಹೇಳ್ಲಿಕ್ಕ ಬರಲ್ಲ.

ತೊಗರಿ ಹೊಲ
ಖರೇ ಅದ, ಅದಕ್ಕೇ ಬಾಜೂದ ಸಾಲೂ ನೋಡ್ರಿ. ಜೋಳದ ಅಂಚಿಗಿ ಮುಳ್ಳಿನ ಗಿಡದ ಸಾಲು ಅದ, ಗುಂಡಗಿನ ಹೂವಿನ ತಲಿ. ಅದು ಕುಸುಬಿ. ದನ ಒಳಗ ಬರಬಾರದಂತ ಹಿಂಗಾರಿ ಜೋಳದ ಅಂಚಿಗೇ ಅದನ್ನ ಹಾಕೋದು. ಕುಸುಬಿ ಮುಂಗಾರಿಗಿ ಹಾಕಂಗಿಲ್ಲ.

ಬೋನಾಳ ಕೆರೆ
ಕುಸುಬಿ ಆದ್ರ ನಾ ಒಪ್ಪಿದ್ರಿ. 38ನೇ ಸೆಕೆಂಡ್ ಮತ್ತ ನೋಡಿದೆ, ಗಿಡ ಕುಸುಬಿನೇ.

ವಾಡಿ ಜಂಕ್ಷನ್
ನೆರಳಿನಿಂದ ತಿಂಗಳು ಹೇಳಬಹುದಲ್ರಿ? ನಿಂತವರ ನೆರಳು ಅವರ ಎತ್ತರಕ್ಕಿಂತ ಸ್ವಲ್ಪ ಕಮ್ಮಿ ಅದ, ಹತ್ತರಾಗ ಒಂಬತ್ತು ಪಾಲು.

ಮೈಲಿಗಲ್ಲು
ಗಂಟೆ ಗೊತ್ತಿದ್ದರೆ ಮಾತ್ರ. ನಮ್ಮ ಅಕ್ಷಾಂಶ 17 ಡಿಗ್ರಿಗಿಂತ ಸ್ವಲ್ಪ ಮೇಲೆ. ಸೆಪ್ಟೆಂಬರ್ ನಡುವೆ ಸೂರ್ಯ ನೆತ್ತಿಯ ಹತ್ತಿರ ಬರುವುದು ಗಡಿಯಾರದ 12:17ರ ಸುಮಾರಿಗೆ, ಎತ್ತರ 75 ಡಿಗ್ರಿ. ಆಗ ಆರಡಿ ಮನುಷ್ಯನ ನೆರಳು ಸುಮಾರು ಒಂದೂವರೆ ಅಡಿ. ಡಿಸೆಂಬರ್ ಕೊನೆಗೆ ಅದೇ ನಡುಹಗಲಲ್ಲಿ ಎತ್ತರ 49 ಡಿಗ್ರಿ, ನೆರಳು ಐದಡಿಗಿಂತ ಸ್ವಲ್ಪ ಹೆಚ್ಚು. ನೀವು ಅಳೆದ ನೆರಳು ಡಿಸೆಂಬರಿನ ನಡುಹಗಲಿಗೆ ಹೊಂದುತ್ತದೆ. ಆದರೆ ಸೆಪ್ಟೆಂಬರಿನ ಬೆಳಿಗ್ಗೆ ಒಂಬತ್ತೂವರೆಗೂ, ಮಧ್ಯಾಹ್ನ ಮೂರಕ್ಕೂ ಅಷ್ಟೇ ನೆರಳು ಬೀಳುತ್ತದೆ. ಆದ್ದರಿಂದ ನೆರಳು ಇಲ್ಲಿ ಸಾಕ್ಷಿಯಲ್ಲ. ಕುಸುಬಿ ಹೇಳಿದ್ದಕ್ಕೆ ಅಡ್ಡ ಬರುವುದಿಲ್ಲ, ಅಷ್ಟೇ.

ಫರಸಿಕಲ್ಲು
ಚಳಿಗಾಲ ಅಂದ್ರ ಯಾವ ವರ್ಷದ್ದು?

ಹೆಗಲಪಟ್ಟಿ
ಚೌಧುರಿಯವರು ಶರಣಾಗತಿಯ ನಂತರ ಹೈದರಾಬಾದ್ ರಾಜ್ಯದ ಸೈನಿಕ ಗವರ್ನರ್ ಆದರು, 1949ರ ಡಿಸೆಂಬರ್ ತನಕ. ಕಲಬುರಗಿ, ಬೀದರ ಎಲ್ಲ ಅವರ ಆಡಳಿತದಲ್ಲೇ ಇದ್ದವು. ಹಾಗಾಗಿ 1948-49ರ ಚಳಿಗಾಲ, ಇಲ್ಲವೇ 1949ರ ಕೊನೆ. ಅದಕ್ಕಿಂತ ಬಿಗಿಯಾಗಿ ಹೇಳಬೇಡಿ.

ಎರಡನೆಯ ಭಾಗದ ಜೀಪನ್ನು ಯಾರಾದರೂ ನೋಡಿದಿರಾ?

ರೀಲು ಡಬ್ಬಿ
ನೋಡಿದೆ. ಅದನ್ನೇ ಬರೆಯಲು ಬಂದೆ. ಎರಡು ಭಾಗ ಬೇರೆ ಬೇರೆ ಫಿಲ್ಮು. ಮೊದಲ ಭಾಗದಲ್ಲಿ ಜನ ಓಡಿದಂತೆ ನಡೆಯುತ್ತಾರೆ: ಸೆಕೆಂಡಿಗೆ 16 ಚೌಕಟ್ಟಿನ ಮೂಕಚಿತ್ರದ ವೇಗದಲ್ಲಿ ತೆಗೆದದ್ದನ್ನು 24 ಅಥವಾ 25ರಲ್ಲಿ ಓಡಿಸಿದ್ದಾರೆ. ಎರಡನೆಯ ಭಾಗದಲ್ಲಿ ನಡಿಗೆ ಸಹಜ. 50ನೇ ಸೆಕೆಂಡಿನಲ್ಲಿ ಒಂದು ಬಿಳಿ ಮಿಂಚು, ಅದೇ ಬೆಸುಗೆ. ಕಾಳಿನ ಗಾತ್ರವೂ ಅಲ್ಲಿಂದ ಬದಲಾಗುತ್ತದೆ.

ಮೊದಲ ಜೀಪು ಯುದ್ಧಕಾಲದ ವಿಲ್ಲಿಸ್: ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು, ಬಾನೆಟ್ ತಗ್ಗು. ಎರಡನೆಯದರ ಬಾನೆಟ್ ಎತ್ತರ, ಪೆಟ್ಟಿಗೆಯಂತೆ. ಅದು ಸಿಜೆ-3ಬಿ, ಮಹೀಂದ್ರಾ ನಮ್ಮಲ್ಲಿ ಮಾಡಿದ ಬಗೆ. ವಿಲ್ಲಿಸ್ ಅದನ್ನು ಹೊರತಂದದ್ದೇ 1953ರಲ್ಲಿ. 1948ರಲ್ಲಿ ಆ ಜೀಪು ಎಲ್ಲಿಂದ ಬರಬೇಕು?

ಕಾರಂಜಾ
ಟ್ಯಾಂಕು ಶೆರ್ಮನ್ ಅಲ್ಲೇನ್ರಿ? ಹೈದರಾಬಾದ್ ಕಾರ್ಯಾಚರಣೆದಾಗ ಶೆರ್ಮನ್ ಇದ್ವು.

ಹೆಗಲಪಟ್ಟಿ
ಶೆರ್ಮನ್, ಸ್ಟುವರ್ಟ್ ಎರಡೂ ಇದ್ದವು ನಿಜ. ಆದರೆ ಈ ಸಾಲಿನವು ಸೆಂಚುರಿಯನ್. ಒಂದೊಂದು ಬದಿಗೆ ಆರು ಗಾಲಿ, ಗಾಲಿಗಳ ಮೇಲರ್ಧ ಮುಚ್ಚುವ ತಗಡಿನ ಅಂಗಿ, ಉದ್ದ ತೋಪು. ಶೆರ್ಮನ್ ಎತ್ತರ, ಗುಂಡುಗುಂಡು, ಗಾಲಿ ಎರಡೆರಡು ಜೋಡಿಯಾಗಿ ಮೂರು ಕಡೆ. ಸ್ಟುವರ್ಟ್ ಚಿಕ್ಕದು, ತೋಪು ಕೋಲಿನಷ್ಟು ಸಣ್ಣ, 37 ಮಿಲಿಮೀಟರ್. ಸೆಂಚುರಿಯನ್ ನಮ್ಮ ಸೇನೆಗೆ ಬಂದದ್ದು ಐವತ್ತರ ದಶಕದಲ್ಲಿ, ಹೆಸರು ಮಾಡಿದ್ದು 1965ರ ಯುದ್ಧದಲ್ಲಿ.

ಇನ್ನು ಹೆಗಲು: ಅಡ್ಡಗುರುತು, ಐದು ಮೂಲೆಯ ನಕ್ಷತ್ರ, ಮೇಲೆ ಸಿಂಹ. ಪೂರ್ಣ ಜನರಲ್, 1950ರ ನಂತರ. ಕಾರ್ಯಪ್ಪನವರು 1953ರ ಜನವರಿಯಲ್ಲೇ ನಿವೃತ್ತರು. ಆಮೇಲೆ ರಾಜೇಂದ್ರಸಿಂಹಜಿ, ಶ್ರೀನಾಗೇಶ್, ತಿಮ್ಮಯ್ಯ, ಥಾಪರ್, ಮತ್ತೆ 1962ರ ನವೆಂಬರ್‌ನಿಂದ 1966ರ ಜೂನ್ ತನಕ ಜೆ.ಎನ್. ಚೌಧುರಿ. ಇವರಲ್ಲಿ ಕಪ್ಪು ಬೆರೆಯ ದಳದವರು ರಾಜೇಂದ್ರಸಿಂಹಜಿ ಮತ್ತು ಚೌಧುರಿ ಇಬ್ಬರೇ. ಅಂದರೆ ಎರಡೂ ಭಾಗದಲ್ಲಿ ಒಬ್ಬರೇ ಇರುವ ಸಾಧ್ಯತೆ ಬಲವಾಗಿದೆ, ನಡುವೆ ಹದಿನೈದು ವರ್ಷದ ಅಂತರ.

ಚೌಬಾರಾ
ಒಪ್ಪಲಿಕ್ಕ ಆಗವಲ್ದು. ಎರಡು ಮುಖ ಬಾಜೂ ಬಾಜೂ ಇಟ್ಟು ನೋಡಿದೆ. ಮೊದಲ ಭಾಗದಾಗ ಬೈತಲಿ ಇರೋ ಕಡೀಗಿ ಎರಡನೇದರಾಗ ಇಲ್ಲ, ಟೊಪ್ಪಿಗಿ ಇಳಿಬಿದ್ದದ್ದೂ ಉಲ್ಟಾ. ಕಿವಿ ಹೊಂದಂಗಿಲ್ಲ. ಬ್ಯಾರೆ ಮನುಷ್ಯಾರೇ ಇರಬೇಕು.

ರೀಲು ಡಬ್ಬಿ
ಟೊಪ್ಪಿಗೆ ಉಲ್ಟಾ ಅಂದಿರಲ್ಲ, ಅಲ್ಲೇ ಉತ್ತರವಿದೆ. ಬೆರೆ ಬಲಗಡೆಗೆ ಇಳಿಬೀಳಬೇಕು, ಬಿಲ್ಲೆ ಎಡಗಣ್ಣಿನ ಮೇಲೆ ಬರಬೇಕು. ಎರಡನೆಯ ಭಾಗದಲ್ಲಿ ರಿಬ್ಬನ್ ಅವರ ಬಲ ಎದೆಯ ಮೇಲೆ ಕಾಣುತ್ತದೆ, ಯಾವ ಸೇನಾಧಿಕಾರಿಯೂ ಹಾಗೆ ಹಾಕುವುದಿಲ್ಲ. ಜೀಪಿನ ಸ್ಟೇರಿಂಗೂ ಎಡಕ್ಕಿದೆ, ನಮ್ಮ ಮಹೀಂದ್ರಾ ಜೀಪಿಗೆ ಬಲಕ್ಕಿರಬೇಕು. ಸ್ಕ್ಯಾನ್ ಮಾಡುವಾಗ ಫಿಲ್ಮನ್ನು ಮಗುಚಿ ಹಾಕಿದ್ದಾರೆ. ಫಿಲ್ಮಿನ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮಂಕು. ಮಂಕಾದದ್ದೇ ರಾಸಾಯನಿಕ ಲೇಪನದ ಮೈ. ಅದು ಯಾವ ಕಡೆ ಇರಬೇಕೆಂದು ನೋಡದಿದ್ದರೆ ಹೀಗೇ ಆಗುತ್ತದೆ. ಎರಡನೆಯ ಭಾಗವನ್ನು ಅಡ್ಡಕ್ಕೆ ತಿರುಗಿಸಿ ಮತ್ತೆ ನೋಡಿ.

ಕಿವಿ ಹೋಲಿಸುವಾಗ ಎರಡೂ ಚೌಕಟ್ಟಿನಲ್ಲಿ ತಲೆ ಹೆಚ್ಚುಕಮ್ಮಿ ಒಂದೇ ಕೋನದಲ್ಲಿರಬೇಕು. ಹಾಲೆ ಕೆನ್ನೆಗೆ ಅಂಟಿದೆಯೋ ಬಿಟ್ಟಿದೆಯೋ, ಒಳಗಿನ ಏಣು ಎಲ್ಲಿ ಕವಲಾಗುತ್ತದೆ, ಮೇಲಿನ ಅಂಚು ಹುಬ್ಬಿನ ಮಟ್ಟಕ್ಕಿಂತ ಎಷ್ಟು ಮೇಲೆ, ಇಷ್ಟು ನೋಡಿ. ಮೈ ದಪ್ಪವಾದರೂ ಏಣು ಬದಲಾಗುವುದಿಲ್ಲ. ವಯಸ್ಸಾದಂತೆ ಕಿವಿ ಸ್ವಲ್ಪ ಉದ್ದವಾಗುತ್ತದೆ, ಅದನ್ನು ವ್ಯತ್ಯಾಸವೆಂದು ಎಣಿಸಬೇಡಿ.

ಚೌಬಾರಾ
ತಿರುಗಿಸಿ ನೋಡಿದೆ. ಕಿವಿ ಹೊಂದತದ, ಏಣು ಹೊಂದತದ, ಟೊಪ್ಪಿಗೀನೂ ಸರಿ ಆತು. ನಂದು ತಪ್ಪಾತ್ರಿ. ಮುಖ್ಯಸ್ಥರಾಗಿದ್ದಾಗಿನ ಅವರ ಫೋಟೋ ಬೇಕಾದಷ್ಟು ಅವ, ಅವುಗಳ ಜೋಡಿನೂ ಕೂಡ್ತದ. ರಿಬ್ಬನ್ ಸಾಲಿನಾಗ ನಡುವ ತಿಳಿ ಗೆರಿ ಅದ, ಡಿಎಸ್‌ಒ ಅಲ್ಲ. ರಾಜೇಂದ್ರಸಿಂಹಜಿ ಅಲ್ಲ ಅಂತಾತು.

ಕೆಚ್ಚೆದೆ ಕನ್ನಡಿಗ
ಆತ್ರಿ, ಚೌಧುರಿಯವರೇ. ಕಾರ್ಯಪ್ಪನವರ ಹೆಸರಿನ ಆ ಬರಹ ನಾನೂ ನಾಕು ಗುಂಪಿಗಿ ಕಳಿಸಿದ್ದೆ. ಅಲ್ಲೆಲ್ಲಾ ತಿದ್ದಿ ಹಾಕ್ತೀನಿ.

ಬಿದ್ರಿ ಕುಸುರಿ
ವಿಷಯಾಂತರ ಆಗ್ತದ, ಆದ್ರೂ ಕೇಳ್ತೀನಿ. ಹಳೀ ಮನಿ ಅಟ್ಟದ ಮ್ಯಾಲ ಇಂಥ ರೀಲು ತಗಡಿನ ಡಬ್ಬಿಯೊಳಗ ಸಿಕ್ರ ಪ್ರೊಜೆಕ್ಟರಿಗಿ ಹಾಕಿ ನೋಡಬಹುದೇನ್ರಿ?

ರೀಲು ಡಬ್ಬಿ
ಬೇಡ ಅಕ್ಕಾರ, ದಯವಿಟ್ಟು ಬೇಡ. ಮೊದಲು ಅಗಲ ಅಳೆಯಿರಿ. 35 ಮಿಲಿಮೀಟರ್ ಆಗಿದ್ದು ಹಳೆಯದಾದರೆ ನೈಟ್ರೇಟ್, ಅಂದರೆ ಬೇಗ ಬೆಂಕಿ ಹತ್ತುವ ಫಿಲ್ಮು ಇರಬಹುದು. ಅದು ಬೆಂಕಿ ಹತ್ತಿದರೆ ನೀರಿಗೂ ಆರುವುದಿಲ್ಲ. ಅಂಚಿನಲ್ಲಿ "ನೈಟ್ರೇಟ್" ಅಥವಾ "ಸೇಫ್ಟಿ" ಎಂಬ ಇಂಗ್ಲಿಷ್ ಅಕ್ಷರ ಹುಡುಕಿ. 16 ಮಿಲಿಮೀಟರ್ ಸಾಮಾನ್ಯವಾಗಿ ಸೇಫ್ಟಿ. ಅದರಲ್ಲಿ ಎರಡೂ ಅಂಚಿಗೆ ತೂತಿದ್ದರೆ ಮೂಕಚಿತ್ರ, ಒಂದೇ ಅಂಚಿಗಿದ್ದರೆ ಧ್ವನಿಪಟ್ಟಿ ಇರಬಹುದು.

ಡಬ್ಬಿ ತೆರೆದಾಗ ಹುಳಿ, ವಿನೆಗರ್ ವಾಸನೆ ಬಂದರೆ ಸೇಫ್ಟಿ ಫಿಲ್ಮಿನ ಅಸಿಟೇಟ್ ಕೊಳೆಯುತ್ತಿದೆ. ಅಂಥದ್ದನ್ನು ಬೇರೆ ರೀಲುಗಳಿಂದ ದೂರ ಇಡಿ, ಪಕ್ಕದ್ದಕ್ಕೂ ಹತ್ತುತ್ತದೆ. ಅಟ್ಟ ಬೇಡ, ಕಲಬುರಗಿ ಮೇ ತಿಂಗಳ ಬಿಸಿಲಿಗೆ ಅಟ್ಟ ಒಲೆಯಾಗುತ್ತದೆ. ಕೆಳಗಿನ ತಂಪು, ಒಣ ಕೋಣೆಯಲ್ಲಿ ಅಡ್ಡ ಮಲಗಿಸಿ ಇಡಿ. ಕುಗ್ಗಿದ ಫಿಲ್ಮಿನ ತೂತು ಪ್ರೊಜೆಕ್ಟರಿನ ಹಲ್ಲಿಗೆ ಕೂಡದೆ ಹರಿದುಹೋಗುತ್ತದೆ. ಹಲ್ಲಿಲ್ಲದ ಸ್ಕ್ಯಾನರ್ ಇರುವ ಕಡೆಗೇ ಕೊಡಬೇಕು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಮೊದಲು ಬರೆದು ಕೇಳಿ.

ಉದ್ದದಿಂದ ಸಮಯ ತಿಳಿಯುತ್ತದೆ: 16 ಮಿಲಿಮೀಟರಿನ 100 ಅಡಿ 24ರ ವೇಗಕ್ಕೆ ಎರಡೂಮುಕ್ಕಾಲು ನಿಮಿಷ, 35ರ 1000 ಅಡಿ 11 ನಿಮಿಷ. ಕೊಡಾಕ್ ಫಿಲ್ಮಾದರೆ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಸಣ್ಣ ಗುರುತು ಇರುತ್ತದೆ. ಅದು ಫಿಲ್ಮು ತಯಾರಾದ ವರ್ಷ. ಗುರುತು 20 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ 1948 ಎಂದು ಓದಿದ್ದು 1928 ಅಥವಾ 1968 ಕೂಡ ಆಗಬಹುದು. ಚಿತ್ರದೊಳಗಿನ ಜೀಪು, ಬಟ್ಟೆ ನೋಡಿ ಅದನ್ನು ತೀರ್ಮಾನಿಸಬೇಕು.

ವಾಡಿ ಜಂಕ್ಷನ್
ಪ್ರದರ್ಶನದಾಗ ತುಣುಕಿಗಿ ಜೋರ್ ಸಂಗೀತ ಹಾಕ್ರಿ, ಮಕ್ಕಳಿಗಿ ಹುರುಪು ಬರ್ತದ.

ಚೌಬಾರಾ
ಅದು ಬ್ಯಾಡ್ರಿ. ಆ ವರ್ಷ ಈ ನೆಲದ ಮ್ಯಾಲ ಎರಡೂ ಕಡೀದು ನೋವು ಅದ. ಮೇ ತಿಂಗಳಾಗ ಗೋರ್ಟಾದಾಗ ರಜಾಕಾರರು (ನಿಜಾಮರ ಪರ ಇದ್ದ ಖಾಸಗಿ ಪಡೆ) ಮಾಡಿದ ಕೊಲಿ ಅದ. ಸೆಪ್ಟೆಂಬರ್ ಆದಮ್ಯಾಲ ಕಲಬುರಗಿ, ಬೀದರ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಾಗ ಮುಸ್ಲಿಂ ಮನಿಗಳ ಮ್ಯಾಲ ನಡದದ್ದನ್ನ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿ ಬರದು ಇಟ್ಟದ. ಎರಡೂ ಮನಿ ಮಕ್ಕಳು ಆ ಶಾಲ್ಯಾಗ ಕೂಡಿ ಕೂತು ನೋಡ್ತಾರ. ತುಣುಕಿಗಿ ಧ್ವನಿ ಇಲ್ಲಂದ್ರ ಹಂಗೇ ಬಿಡ್ರಿ.

ಬೋನಾಳ ಕೆರೆ
ನಂದೂ ಅದೇ ಅಭಿಪ್ರಾಯ. ವೇಗ ಮಾತ್ರ ಸರಿ ಮಾಡ್ರಿ, ಮೊದಲ ಭಾಗ 16ರ ವೇಗಕ್ಕ ಇಳಿಸ್ರಿ. ಓಡಿದಂಗ ನಡಿಯೋದು ನೋಡಿದ್ರ ಮಕ್ಕಳು ನಗ್ತಾವ.

ಫರಸಿಕಲ್ಲು
ಎಲ್ಲಾರ ಮಾತು ಸೇರಿಸಿ ತುಣುಕು ಎರಡು ಮಾಡೀನ್ರಿ, ನಡುವ ಕಪ್ಪು ಪರದೆ. ಸಂಗೀತ ಇಲ್ಲ. ಫಲಕದ ಮ್ಯಾಲ ಹಿಂಗ ಬರದೀನಿ:

"ಮೊದಲ ಭಾಗ: ಮೇಜರ್ ಜನರಲ್ ಜೆ.ಎನ್. ಚೌಧುರಿ, ಹೈದರಾಬಾದ್ ರಾಜ್ಯದ ಸೈನಿಕ ಗವರ್ನರ್. 1948-49ರ ಚಳಿಗಾಲ ಅಥವಾ 1949ರ ಕೊನೆ. ಎದುರಿಗಿರುವವರು ಒಬ್ಬ ಲೆಫ್ಟಿನೆಂಟ್ ಕರ್ನಲ್. ಎರಡನೆಯ ಭಾಗ: ಸೇನಾ ಮುಖ್ಯಸ್ಥರಾಗಿ ಜನರಲ್ ಜೆ.ಎನ್. ಚೌಧುರಿ, ಸೆಂಚುರಿಯನ್ ಟ್ಯಾಂಕುಗಳ ಮುಂದೆ. 1962-66."

ಸ್ಥಳ ಬರದಿಲ್ಲ. ಸರಿ ಅದೇನ್ರಿ?

ಹೆಗಲಪಟ್ಟಿ
ಒಂದು ತಿದ್ದುಪಡಿ. ಮೊದಲ ಭಾಗದಲ್ಲಿ "ಸೈನಿಕ ಗವರ್ನರ್" ಎಂಬುದು ಹೆಗಲಿನಿಂದಲ್ಲ, ಕುಸುಬೆಯಿಂದ ಬಂದ ತೀರ್ಮಾನ. ಹೆಸರಿನ ಮುಂದೆ ಹುದ್ದೆ ಬೇಡ, ಕೊನೆಯಲ್ಲಿ "ಹೊಲದ ಬೆಳೆಯ ಆಧಾರದ ಮೇಲೆ ಕಾಲ ನಿರ್ಧರಿಸಿದೆ" ಎಂದು ಒಂದು ಸಾಲು ಸೇರಿಸಿ. ನೋಡಿದವರಲ್ಲಿ ಯಾರಾದರೂ ರೈತರು ಬೇರೆ ಹೇಳಿದರೆ ತಿದ್ದಲು ಬರುತ್ತದೆ.

ಫರಸಿಕಲ್ಲು
ಸೇರಿಸಿದೆ ಸರ. ಎರಡನೇ ಭಾಗ ಮಗುಚಿದ್ದೂ ಸರಿ ಮಾಡೀನಿ, ರಿಬ್ಬನ್ ಈಗ ಎಡಕ್ಕ ಬಂದಾವ.

ತೊಗರಿ ಹೊಲ
ಕುಸುಬಿ ಸಾಲು ಕಾಣೋ ಆ 38ನೇ ಸೆಕೆಂಡಿನ ಚೌಕಟ್ಟು ದೊಡ್ಡದು ಮಾಡಿ ಬಾಜೂಕ ಅಂಟಸ್ರಿ. ಊರ ಹಿರೇರು ಬಂದ್ರ ಮೊದಲ ಅದನ್ನೇ ನೋಡ್ತಾರ.